ಕಮಾನಿನೊಳಗೆ ಸಿಕ್ಕ ಬಸ್ಸು

ನನ್ನ ನೆನಪಿನಲ್ಲಿ ಆ ಬಸ್ಸು ಕೆಂಪು. ಕೆಂಪಗಿರಲಿಲ್ಲ, ಬೂದು ಬಣ್ಣದ್ದು, ಕೆಳಗೊಂದು ನೀಲಿ ಪಟ್ಟಿ ಇತ್ತು ಎಂದು ಆ ದಿನ ಅದರೊಳಗೆ ನನ್ನ ಕಾಲ ಮೇಲೆ ನಿಂತಿದ್ದವರೊಬ್ಬರು ಇತ್ತೀಚೆಗೆ ಸಾಧಿಸಿದರು. ನಾನು ಒಪ್ಪಲಿಲ್ಲ. ಬಣ್ಣ ನೋಡುವಷ್ಟು ಜಾಗ ಆ ಬಸ್ಸಿನಲ್ಲಿ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಆದ್ದರಿಂದ ಬಸ್ಸಿಗೆ ಬಣ್ಣವೇ ಇಲ್ಲ ಎಂದು ಇಟ್ಟುಕೊಳ್ಳೋಣ. ಎತ್ತರ ಮಾತ್ರ ಇತ್ತು. ಇಲ್ಲಿ ನನಗೆ ಬೇಕಾದದ್ದೂ ಅದರ ಎತ್ತರವೇ.

ಅರವತ್ತರ ದಶಕದ ಮೊದಲ ವರ್ಷಗಳು. ಹುಬ್ಬಳ್ಳಿ ಧಾರವಾಡ ಎರಡನ್ನೂ ಸೇರಿಸಿ ಒಂದೇ ಊರು ಎಂದು ಸರಕಾರ ಹೇಳಿತ್ತು. ಎರಡೂ ಊರಿನವರು ಇನ್ನೂ ಯೋಚನೆ ಮಾಡುತ್ತಿದ್ದರು. ನಾನು ಧಾರವಾಡದ ಸಪ್ತಾಪುರದಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದೆ. ಹಗಲು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಉಳಿದ ಹೊತ್ತು ಪೂರ್ಣವಿರಾಮವೇ ಇಲ್ಲದ ಒಂದು ಕಾದಂಬರಿ ಬರೆಯುತ್ತಿದ್ದೆ, ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅದನ್ನು ಪೂರ್ತಿ ಕೇಳಿದ ಮನುಷ್ಯ ಲೋಕದಲ್ಲಿ ಒಬ್ಬರೇ. ಪಕ್ಕದ ಖೋಲಿಯಲ್ಲಿದ್ದ ಪ್ರಾಥಮಿಕ ಶಾಲೆಯ ಮಾಸ್ತರರು. ನಡುವಿನ ಗೋಡೆ ತೆಳುವಾಗಿತ್ತು, ಅವರಿಗೆ ಬೇರೆ ದಾರಿ ಇರಲಿಲ್ಲ.

"ಛಲೋ ಐತ್ರಿ," ಎಂದರು ಒಂದು ದಿನ. "ಆದ್ರ ಆ ಮನಶ್ಯಾ ಯಾವಾಗ ಉಸರು ತೊಗೊಳ್ತಾನ್ರಿ?"

ಮಾಸ್ತರರಿಗೆ ಹೆಂಡತಿ ಇದ್ದರು, ಸಂಸಾರ ಇರಲಿಲ್ಲ. ಹೆಂಡತಿಯೂ ಶಿಕ್ಷಕಿ, ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತೇನೆ. ಅಕ್ಕೋರು ಕಮರಿಪೇಟೆಯಲ್ಲಿ ಅಣ್ಣನ ಮನೆಯಲ್ಲಿದ್ದರು, ಮಾಸ್ತರರು ಇಲ್ಲಿ. ಮಾಸ್ತರರ ಮನೆತನದವರು ಕೆಲವು ವರ್ಷಗಳ ಹಿಂದೆ ಬೌದ್ಧರಾಗಿದ್ದರು. ಒಬ್ಬಂಟಿ ಗಂಡಸಿಗೆ ಖೋಲಿ ಕೊಡುವಾಗ ಮಾಲಕರು ಹೆಚ್ಚು ಕೇಳುತ್ತಿರಲಿಲ್ಲ. ಹೆಂಡತಿಯನ್ನು ಕರೆತರುತ್ತೇನೆ, ಒಲೆ ಹೂಡುತ್ತೇನೆ ಎಂದ ಕೂಡಲೇ ಎಲ್ಲರಿಗೂ ಕುತೂಹಲ ಹುಟ್ಟುತ್ತಿತ್ತು. ಮಾಸ್ತರರು "ಬೌದ್ಧರು" ಎನ್ನುತ್ತಿದ್ದರು.

"ಅಲ್ರಿ, ಮೊದಲ ಏನಿದ್ರಿ?"

"ಮೊದಲ ಸಣ್ಣವ ಇದ್ದೆ."

ಮನೆ ಸಿಗುತ್ತಿರಲಿಲ್ಲ. ಭಾನುವಾರ ಇಬ್ಬರೂ ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಭೇಟಿಯಾಗುತ್ತಿದ್ದರು. ಅಕ್ಕೋರು ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. ಅಲ್ಲೇ ಊಟ, ಅಲ್ಲೇ ಜಗಳ, ಅಲ್ಲೇ ರಾಜಿ. ಅವರಿಗೆ ಬೇಕಾದದ್ದು ಒಂದೇ: ಎರಡೂ ಊರಿನ ನಡುವೆ, ಬಸ್ಸು ನಿಲ್ಲುವ ಕಡೆ, ಒಂದು ಮನೆ. ಬೆಳಿಗ್ಗೆ ಒಬ್ಬರು ಈ ಕಡೆಯ ಬಸ್ಸು ಹತ್ತಬೇಕು, ಒಬ್ಬರು ಆ ಕಡೆಯದು. ಸಂಜೆ ಇಬ್ಬರೂ ಒಂದೇ ಕಡೆ ಇಳಿಯಬೇಕು.

ಇಂಥ ಮನೆಯನ್ನು ಕಟ್ಟುತ್ತೇನೆ ಎಂದು ಹೊರಟವನು ಒಬ್ಬ ಮೇಸ್ತ್ರಿ. ವರ್ಷಗಟ್ಟಲೆ ದೊಡ್ಡ ಗುತ್ತೇದಾರರ ಕೈಕೆಳಗೆ ಗೌಂಡಿ ಕೆಲಸ ಮಾಡಿದವನು. ಉಣಕಲ್ ದಾಟಿ ಧಾರವಾಡದ ಕಡೆ ಬರುವಾಗ ರಸ್ತೆಯ ಪಕ್ಕ ಅವನ ಅಪ್ಪನ ಕಾಲದ ಒಂದು ಬರಡು ಜಾಗವಿತ್ತು, ನಡುವೆ ಒಂದು ದೊಡ್ಡ ಬೇವಿನ ಗಿಡ. ಬಸ್ಸು ರಸ್ತೆ ಬಿಟ್ಟು ಒಳಗೆ ತಿರುಗಿ ಆ ಗಿಡದ ನೆರಳಿಗೇ ನಿಲ್ಲುತ್ತಿತ್ತು. ಅಲ್ಲಿ ಯಾವ ಫಲಕವೂ ಇರಲಿಲ್ಲ. ಡ್ರೈವರಿಗೆ ಬಿಸಿಲು ಕಂಡರೆ ಆಗುತ್ತಿರಲಿಲ್ಲ, ಅಷ್ಟೇ. ರೇಲ್ವೆ ವರ್ಕ್‌ಶಾಪಿನವರು, ಗಿರಣಿಯವರು, ದುರ್ಗದಬೈಲಿನಲ್ಲಿ ಬಳೆ ಅಂಗಡಿ ಇಟ್ಟವರು, ಹೀಗೆ ಊರೊಳಗೆ ಜಾಗ ಸಾಲದ ಕೆಲವು ಮನೆತನಗಳು ಸೇರಿ ಒಂದು ಸಂಘ ಮಾಡಿಕೊಂಡಿದ್ದವು. ಮೇಸ್ತ್ರಿ ತನ್ನ ಹೆಸರಿನಲ್ಲಿ ಕಟ್ಟುವ ಮೊದಲ ಕಟ್ಟಡ ಅದು. ಮಾಸ್ತರರು ಸಂಘಕ್ಕೆ ಸೇರಿದರು, ನನ್ನನ್ನೂ ಎಳೆದುಕೊಂಡು ಹೋದರು. ನನ್ನ ಬಳಿ ಟಿ-ಸ್ಕ್ವೇರ್ ಇತ್ತು ಎಂಬ ಒಂದೇ ಕಾರಣಕ್ಕೆ ಮೇಸ್ತ್ರಿ ನನ್ನನ್ನು ಇಂಜಿನೇರ್ ಸಾಹೇಬ ಎಂದು ಕರೆಯತೊಡಗಿದ.

"ಸಾಹೇಬ್ರ, ಸಾಲಾಗಿ ಮನಿ ತೆಗೀರಿ. ಮುಂದ ಒಂದು ಕಮಾನು ತೆಗೀರಿ. ಕಮಾನು ಮೊದಲ ತೆಗೀರಿ, ಮನಿ ಆಮ್ಯಾಲೆ ನೋಡೂಣು."

ಅವನಿಗೆ ಕಮಾನಿನ ಹುಚ್ಚು. ಬೇರೆಯವರ ವಾಡೆಗಳಿಗೆ, ಅಂಗಡಿಗಳಿಗೆ, ಒಂದು ಸಲ ಯಾರದೋ ಎಮ್ಮೆಯ ಕೊಟ್ಟಿಗೆಗೂ ಕಮಾನು ಕಟ್ಟಿಕೊಟ್ಟವನು. ತನ್ನದೆಂಬ ಕಮಾನಿನ ಕೆಳಗೆ ಒಂದು ಸಲ ನಡೆಯಬೇಕು ಎನ್ನುವುದು ಅವನ ಆಸೆ.

ಸಾಲು ಮನೆ ಬೇಡ ಎಂದವರು ಮಾಸ್ತರರು. ಸಾಲು ಎಂದರೆ ಅದಕ್ಕೆ ಒಂದು ಕಡೇ ಮನೆ ಇರುತ್ತದೆ, ಅದು ಬಸ್ಸಿಗೂ ಬಾವಿಗೂ ದೂರ ಇರುತ್ತದೆ, ಅದು ಯಾರ ಪಾಲಿಗೆ ಬರುತ್ತದೆ ಎಂದು ಅವರಿಗೆ ಮನೆ ಕಟ್ಟುವ ಮೊದಲೇ ಗೊತ್ತಿತ್ತು. ಇದನ್ನೆಲ್ಲ ಅವರು ಬಾಯಿಬಿಟ್ಟು ಹೇಳಲಿಲ್ಲ. "ದುಂಡಗ ಕಟ್ಟರಿ," ಎಂದರು, "ದುಂಡನ್ನ ಬಳಿಗೆ ಮೊದಲಿಲ್ಲ, ಕಡೀ ಇಲ್ಲ. ಬೇಕಾದ್ರ ಬಳಿ ಅಂಗಡಿಯವರನ್ನ ಕೇಳ್ರಿ."

ಬೇವಿನ ಗಿಡ ನಡುವೆ, ಸುತ್ತ ಮನೆಗಳ ಬಳೆ, ಎಲ್ಲ ಬಾಗಿಲೂ ಗಿಡದ ಕಡೆಗೆ. ಯಾವ ಬಾಗಿಲಿನಿಂದ ಹೊರಟರೂ ಬಸ್ಸು ಅಷ್ಟೇ ದೂರ. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಗಿಡದ ಬೊಡ್ಡೆಗೆ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು, ಸುಣ್ಣ ಉದುರಿಸುತ್ತ ಸುತ್ತು ಹಾಕಿದೆ. ಸುತ್ತು ಮುಗಿದಾಗ ಶುರು ಮಾಡಿದ ಜಾಗ ನನಗೆ ಸಿಗಲಿಲ್ಲ. ಹಗ್ಗ ಬೊಡ್ಡೆಗೆ ಸುತ್ತಿಕೊಳ್ಳುತ್ತ ಗಿಡ್ಡವಾಗುತ್ತ ಬಂದಿತ್ತು, ಗೆರೆ ಒಳಗೊಳಗೇ ಸುತ್ತಿತ್ತು. ಇದೇ ಇನ್ನೂ ಚಂದ, ಇದೇ ಇರಲಿ, ಎಂದೆ.

"ಸಾಹೇಬ್ರ," ಎಂದ ಮೇಸ್ತ್ರಿ, "ಇದು ಶಂಖ ಆತು. ಮನಿ ಅಲ್ಲ."

ಸಂಘದ ಹಿರಿಯರು ಒಬ್ಬ ನಿವೃತ್ತ ಹೆಡ್ ಕ್ಲಾರ್ಕು. ಎಲ್ಲರಿಗೂ ಕಾಕಾ. ಭಾರೀ ದೇಹ. ಕಾಕಾ ಎದ್ದರೆ ಸಂಘ ಏಳುತ್ತಿತ್ತು, ಕಾಕಾ ಕೂತರೆ ಕೂಡುತ್ತಿತ್ತು. ದುಂಡು ಮನೆ ಕೇಳಿ ಕಾಕಾ ಹಣೆ ಗಂಟಿಕ್ಕಿದರು.

"ಎಲ್ಲಾ ಬಾಗಲಾ ಗಿಡದ ಕಡೆ ಅಂದ್ರ, ಒಂದಿಷ್ಟು ಬಾಗಲಾ ದಕ್ಷಿಣಕ್ಕ ಬರತಾವಲ್ಲೋ?"

"ಈ ರಸ್ತೇದಾಗ ದಿಕ್ಕು ಎರಡರೀ ಕಾಕಾ," ಎಂದ ಮೇಸ್ತ್ರಿ. "ಹುಬ್ಬಳ್ಳಿ, ಧಾರವಾಡ."

ಈ ಮಾತಿನ ಮುಂದೆ ಕಾಕಾ ಮೊದಲ ಸಲ ಸೋತರು. ಆದರೆ ಒಂದು ಹಟ ಹಿಡಿದರು. ಬಸ್ಸು ಒಳಗೆ ಬಂದು ಗಿಡ ಸುತ್ತಿ ಹೋಗಲಿ, ಆದರೆ ಬಾಗಿಲು ಒಂದೇ ಇರಲಿ. ಬರಲು ಒಂದು, ಹೋಗಲು ಒಂದು ಎಂದರೆ ಧರ್ಮಶಾಲೆ ಆಗುತ್ತದೆ. ಮೇಸ್ತ್ರಿಗೆ ಅದೇ ಬೇಕಿತ್ತು. ಒಂದೇ ಬಾಗಿಲು, ಒಂದೇ ಕಮಾನು.

ಬಸ್ಸನ್ನು ಅಳೆಯಬೇಕಾಯಿತು. ಹುಬ್ಬಳ್ಳಿ ಸಂತೆಯ ದಿನ ಮೇಸ್ತ್ರಿ ಒಂದು ಬಿದಿರ ಗಳ ತಂದ. ಬಸ್ಸು ಗಿಡದ ಕೆಳಗೆ ಬಂದು ನಿಂತಿತು. ಮೇಲೆ ಸಾಮಾನು ಇಡುವ ಕಬ್ಬಿಣದ ಕಟಾಂಜನದವರೆಗೆ ಗಳ ಹಿಡಿದು ಕುಡಗೋಲಿನಿಂದ ಗುರುತು ಹಾಕಿದ. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿದ.

"ಏನ್ ಮೇಸ್ತ್ರಿ, ಬಸ್ಸಿಗೆ ಅಂಗಿ ಹೊಲಸ್ತಿಯೇನು?"

"ಅಂಗಿ ಅಲ್ಲೋ, ಕಿರೀಟ!"

ಗುರುತಿನ ಮೇಲೆ ನಾಲ್ಕು ಬೆರಳು ಬಿಟ್ಟು ಕಮಾನು ಎದ್ದಿತು. ನಾಲ್ಕು ಬೆರಳು ಯಾಕೆ, ಒಂದು ಮೊಳ ಬಿಡಬಾರದೇ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೆಚ್ಚು ಎತ್ತರವಾದರೆ ಕಮಾನು ಹಲ್ಲಿಲ್ಲದ ಬಾಯಿಯ ಹಾಗೆ ಕಾಣುತ್ತದೆ ಎಂದ ಮೇಸ್ತ್ರಿ. ನಾವು ಅದನ್ನು ಒಪ್ಪಿದೆವು. ನಮಗೆ ಹಲ್ಲಿರುವ ಕಮಾನು ಬೇಕಿತ್ತು.

ಬಸ್ಸನ್ನು ಒಳಗೆ ಬಿಡುವ ಬಗ್ಗೆ ಡಿಪೋದ ಸಾಹೇಬರನ್ನು ಕೇಳಿದಾಗ ಅವರು "ನೋಡೋಣ" ಎಂದಿದ್ದರು. ನಮ್ಮ ಕಡೆ ನೋಡೋಣ ಎಂದರೆ ಹೂಂ ಎಂದೂ ಅಲ್ಲ, ಊಹೂಂ ಎಂದೂ ಅಲ್ಲ. ಮೇಸ್ತ್ರಿ ಅದನ್ನು ಹೂಂ ಎಂದು ಕೇಳಿಸಿಕೊಂಡ.

ಈಗ ಗೃಹಪ್ರವೇಶದ ದಿನ. ಇಲ್ಲಿ ನನ್ನ ನೆನಪು ತುಂಬ ಅಚ್ಚುಕಟ್ಟಾಗಿದೆ, ಅದಕ್ಕೇ ನನಗೆ ಗುಮಾನಿ. ಮಾವಿನ ತೋರಣ, ರಂಗೋಲಿ, ಬೆಲ್ಲದ ವಾಸನೆ ಎಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತಿವೆ, ಯಾರೋ ಆಮೇಲೆ ಬಂದು ಜೋಡಿಸಿಟ್ಟ ಹಾಗೆ. ನನಗೆ ಗಟ್ಟಿಯಾಗಿ ಗೊತ್ತಿರುವುದು ಇಷ್ಟು. ಹುಬ್ಬಳ್ಳಿಯಿಂದ ಬಂದ ಬಸ್ಸಿನಲ್ಲಿ ಎಲ್ಲ ಮನೆತನಗಳೂ ಇದ್ದವು, ಅವುಗಳ ಬೀಗರಿದ್ದರು, ಬೀಗರ ಬೀಗರಿದ್ದರು, ಸುರುಳಿ ಸುತ್ತಿದ ಗಾದಿಗಳು, ಕೊಡಗಳು, ಒಂದು ಒಳಕಲ್ಲು, ನಾಲ್ಕು ಜನ ಹೊತ್ತ ಒಂದು ಬೀಸುಕಲ್ಲು. ಅವರ ನಡುವೆ ಮನೆಗೂ ನಮಗೂ ಸಂಬಂಧವಿಲ್ಲದ ಒಬ್ಬ ಪ್ರಯಾಣಿಕ. ಅವನಿಗೆ ಧಾರವಾಡದ ಕೋರ್ಟಿನಲ್ಲಿ ತಾರೀಖು ಇತ್ತು. ಬಸ್ಸು ಕಮಾನಿನ ಕೆಳಗೆ ತೋರಣದ ಎಲೆಗಳನ್ನು ಸವರಿಕೊಂಡು ಒಳಗೆ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಮೇಸ್ತ್ರಿ ಅತ್ತ.

ಎಲ್ಲರೂ ಇಳಿದರು, ಸಾಮಾನು ಇಳಿಸಿದರು. ಗಿಡದ ಕೆಳಗೆ ಒಲೆ ಹೂಡಿ ಹಾಲು ಕಾಯಲು ಇಟ್ಟರು. ಎಲ್ಲ ಮನೆಗಳ ಪರವಾಗಿ ಒಂದೇ ಹಾಲು ಉಕ್ಕಲಿ ಎಂದು ಮೊದಲೇ ನಿರ್ಧಾರವಾಗಿತ್ತು. ಹಾಲು ಉಕ್ಕಿದ ಮೇಲೆ ಮನೆ ಹಂಚುವುದು. ಅದಕ್ಕೂ ಒಂದು ಉಪಾಯ ಮಾಡಿದ್ದೆವು: ಮನೆಗೊಬ್ಬರು ಗಿಡದ ಬುಡದಲ್ಲಿ ನಿಲ್ಲುವುದು, ಕಣ್ಣಿಗೆ ಟವೆಲ್ ಕಟ್ಟಿ ಗರಗರ ತಿರುಗಿಸುವುದು, ತಡವುತ್ತ ಹೋಗಿ ಯಾವ ಬಾಗಿಲು ಮುಟ್ಟುತ್ತಾರೋ ಅದು ಅವರ ಮನೆ.

ಆಗ ಕಾಕಾ ಗಂಟಲು ಸರಿಮಾಡಿಕೊಂಡರು.

"ಮಾಸ್ತರ್, ನಿಮಗ ಓದು-ಬರಹ ಇರತದ. ಶಾಂತ ಬೇಕು. ಇಲ್ಲಿ ಒಳಗ ಭಾಳ ಗದ್ದಲ. ನಿಮಗ ಅಂತ ಕಮಾನಿನ ಹೊರಗ ಒಂದು ಸ್ವತಂತ್ರ ಮನಿ ಕಟ್ಟಿಸಿದ್ರ ಹೆಂಗ? ಗಾಳಿ, ಬೆಳಕು..."

"ನಾನು ಒಂದನೇ ಇಯತ್ತೆ ಕಲಸತೇನ್ರಿ ಕಾಕಾ. ಗದ್ದಲ ಇಲ್ಲಂದ್ರ ನನಗ ನಿದ್ದಿ ಹತ್ತೂದಿಲ್ಲ."

"ಹಂಗಲ್ಲ. ಅಂಗಳ ಎಲ್ಲಾರದೂ ಒಂದ. ಮಂದಿ ನೀರು ತರತಾರ, ಮಡೀಲೇ ಓಡಾಡತಾರ. ನಿಮಗs ಸಂಕೋಚ ಆಗಬಾರದು ಅಂತ ಹೇಳಾಕತ್ತೇನಿ."

"ನಮಗೇನ್ ಸಂಕೋಚಿಲ್ರಿ," ಎಂದರು ಅಕ್ಕೋರು. "ನಿಮಗ ಇದ್ರ ಹೇಳ್ರಿ."

ಕಾಕಾ ಧೋತರದ ಚುಂಗು ಹಿಡಿದು, ಹಾಗಾದರೆ ನಾವು ಮನೆ ಮುಟ್ಟುವುದಿಲ್ಲ, ವಾಪಸು ಹೋಗುತ್ತೇವೆ ಎಂದರು. ಕಾಕಾ ಹೋದರೆ ಸಂಘ ಹೋಗುತ್ತದೆ. ಬೀಗರೆಲ್ಲ ಒಳಕಲ್ಲಿನ ಕಡೆ ನೋಡಿದರು, ಮತ್ತೆ ಹೊರಬೇಕಲ್ಲ ಎಂಬ ಮುಖದಲ್ಲಿ. ಮೇಸ್ತ್ರಿ ಒಮ್ಮೆ ಕಾಕಾನ ಮುಖ, ಒಮ್ಮೆ ಕಮಾನಿನ ಮುಖ ನೋಡಿದ. ಮಾಸ್ತರರು ಸುಮ್ಮನೆ ತಮ್ಮ ಟ್ರಂಕಿನ ಮೇಲೆ ಕೂತರು. ಅದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂಡುವ ರೀತಿ, ನನಗೆ ಗೊತ್ತಿತ್ತು. ಅಕ್ಕೋರು ಕೂಡಲಿಲ್ಲ.

ಅದೇ ಹೊತ್ತಿಗೆ ಕಮಾನಿನ ಕಡೆಯಿಂದ ಕರ್ರ್ ಎಂದು ಸದ್ದಾಯಿತು.

ಬಸ್ಸು ಗಿಡ ಸುತ್ತಿ ಹೊರಗೆ ಹೋಗಲು ನೋಡಿತ್ತು. ಕಟಾಂಜನ ಕಮಾನಿಗೆ ತಾಗಿ ಒಂದು ಹಿಡಿ ಗಾರೆ ಬಾನೆಟ್ಟಿನ ಮೇಲೆ ಬಿದ್ದಿತ್ತು. ಡ್ರೈವರ್ ಹಿಂದೆ ತೆಗೆದ, ಮತ್ತೆ ಮುಂದೆ ಬಂದ. ಕರ್ರ್.

"ಏ ಮೇಸ್ತ್ರಿ! ನಿನ್ನ ಕಮಾನು ಕೆಳಗ ಇಳದೈತಲ್ಲೋ!"

"ಕಮಾನು ಹೆಂಗ ಇಳೀತೈತಿ? ನಿನ್ನ ಬಸ್ಸs ಬೆಳದೈತಿ!"

ಇಬ್ಬರೂ ಹುಚ್ಚರ ಹಾಗೆ ಜಗಳಾಡಿದರು, ಆದರೆ ಮೇಸ್ತ್ರಿ ಹೇಳಿದ್ದೇ ಖರೇ ಆಗಿತ್ತು. ಬಸ್ಸು ಬೆಳೆದಿತ್ತು. ಹುಬ್ಬಳ್ಳಿ-ಧಾರವಾಡದ ನಡುವೆ ಖಾಲಿ ಬಸ್ಸನ್ನು ನಾವ್ಯಾರೂ ಜನ್ಮದಲ್ಲಿ ನೋಡಿರಲಿಲ್ಲ. ಅಳೆದದ್ದು ಸಂತೆಯ ದಿನದ ಬಸ್ಸು, ಒಳಗೆ ಬಂದದ್ದು ಬೀಗರ ಬಸ್ಸು. ಎರಡೂ ಸಲ ಸ್ಪ್ರಿಂಗುಗಳು ಮಂಡಿಯೂರಿದ್ದವು. ಬಸ್ಸಿನ ನಿಜವಾದ ಎತ್ತರ ಎಂದರೆ ಜನ ತುಂಬಿದ ಎತ್ತರ ಎಂದೇ ಎರಡೂ ಊರಿನವರು ತಿಳಿದಿದ್ದೆವು. ಜನರೆಲ್ಲ ಇಳಿದ ಕೂಡಲೇ ಅದು ನಿಧಾನವಾಗಿ ಎದ್ದು ನಿಂತಿತ್ತು.

ಸಲಹೆಗಳು ಶುರುವಾದವು. ಚಕ್ರದ ಗಾಳಿ ಬಿಡ್ರಿ ಎಂದರು ಯಾರೋ. "ಆಮ್ಯಾಲೆ ಯಾರು ಊದತೀರಿ? ನೀವು?" ಎಂದ ಡ್ರೈವರ್. ಕೆಳಗೆ ಅಗಿಯಿರಿ ಎಂದರು ಇನ್ಯಾರೋ. ಅಲ್ಲಿ ಮೇಸ್ತ್ರಿ ಕಲ್ಲುಹಾಸು ಹಾಕಿ ಅದರ ಮೇಲೆ ತಾನೇ ಎತ್ತು ಓಡಾಡಿಸಿ ಗಟ್ಟಿ ಮಾಡಿದ್ದ. ಕಮಾನು ಒಡೀರಿ ಎಂದ ಕೋರ್ಟಿನ ತಾರೀಖಿನವನು. ಮೇಸ್ತ್ರಿ ಓಡಿಹೋಗಿ ಕಂಬ ತಬ್ಬಿಕೊಂಡ. "ಮೊದಲ ನನ್ನ ಒಡೀರಿ," ಎಂದ.

ಕೊನೆಗೆ ಒಬ್ಬರು ಕೇಳಿದರು: "ಬರೂ ಮುಂದ ಹೆಂಗ ಬಂತು?"

ಯಾರು ಕೇಳಿದರು ಎಂಬುದಕ್ಕೆ ನನ್ನಲ್ಲಿ ಮೂರು ಉತ್ತರಗಳಿವೆ. ನನ್ನ ಪ್ರಕಾರ ಅಕ್ಕೋರು. ಮಾಸ್ತರರ ಪ್ರಕಾರ ಕಂಡಕ್ಟರ್. ಕಂಡಕ್ಟರ್ ಮುಂದೆ ಎಷ್ಟೋ ವರ್ಷ ಆ ಮಾತನ್ನು ತಾನೇ ಆಡಿದ್ದು ಎಂದು ಹೇಳಿಕೊಂಡು ತಿರುಗಿದ, ಆದ್ದರಿಂದ ಅವನಂತೂ ಅಲ್ಲ. ಯಾರೇ ಇರಲಿ, ಮುಂದಿನದು ಎಲ್ಲರಿಗೂ ಒಮ್ಮೆಗೇ ಅರ್ಥವಾಯಿತು. ಎಲ್ಲರೂ ಮತ್ತೆ ಹತ್ತಬೇಕು.

ಹತ್ತಿದೆವು. ಬೀಗರು, ಬೀಗರ ಬೀಗರು, ಒಳಕಲ್ಲು, ಬೀಸುಕಲ್ಲು. ಡ್ರೈವರ್ ಮೆಲ್ಲಗೆ ಮುಂದೆ ತೆಗೆದ. ಕಂಡಕ್ಟರ್ ಬಸ್ಸಿನ ಹಿಂದಿನ ಏಣಿಯ ಮೇಲೆ ನಿಂತು ಕೂಗಿದ: "ಇನ್ನೂ ಒಂದು ಬೆರಳು! ಒಂದs ಒಂದು ಬೆರಳು ಕಮ್ಮಿ ಆಗೇತಿ!"

ಕಿಟಕಿಗಳಿಂದ ಎಲ್ಲ ತಲೆಗಳೂ ಹೊರಗೆ ಬಂದವು. ಅಂಗಳದಲ್ಲಿ ಇಬ್ಬರೇ ಉಳಿದಿದ್ದರು. ಹಾಲಿಗೆ ಕಾವಲು ನಿಂತ ಮೇಸ್ತ್ರಿ. ಗಾಳಿ ಬಡಿದರೂ ಹಾರುವಷ್ಟು ತೆಳ್ಳಗಿನವನು. ಮತ್ತು ಕಾಕಾ.

"ನಾ ನಡಕೋತ ಬರತೇನಿ," ಎಂದರು ಕಾಕಾ.

"ಕಾಕಾ, ನೀವs ಒಂದು ಬೆರಳು," ಎಂದ ಡ್ರೈವರ್. "ಹತ್ರಿ ಲಗೂನ. ನನ್ನ ನೌಕರಿ ಹೋಗತೈತಿ."

"ನನ್ನ ತಾರೀಖ್ ಹೋಗತೈತಿ!" ಎಂದ ಇನ್ನೊಬ್ಬ.

ಕಾಕಾ ಹತ್ತಿದರು. ಹತ್ತುವಾಗಲೇ ಬಸ್ಸು ಒಂದು ಸಲ ನಿಟ್ಟುಸಿರು ಬಿಟ್ಟಿತು. ನಿಲ್ಲಲು ಜಾಗವಿಲ್ಲ. ಹಿಂದಿನವರು ನೂಕಿದರು, ಮುಂದಿನವರು ಸರಿದರು, ಕಾಕಾ ಎರಡು ಸಲ ಗರಗರ ತಿರುಗಿ ಒಂದು ಕಡೆ ಕೂತರು. ಕೂತದ್ದು ಮಾಸ್ತರರ ತೊಡೆಯ ಮೇಲೆ. ಮನೆ ಹಂಚಲು ನಾವು ಮಾಡಿದ್ದ ಉಪಾಯ ಬಸ್ಸಿನಲ್ಲೇ ಒಂದು ಸಲ ನಡೆದುಹೋಯಿತು.

"ಹೋತು! ಹೋತು! ಹೋತು!" ಎಂದು ಕಂಡಕ್ಟರ್ ಕೂಗಿದ. ಕಟಾಂಜನ ಕಮಾನಿಗೆ ತಾಗದೆ, ತೋರಣದ ಒಂದೇ ಎಲೆಯನ್ನು ಕಿತ್ತುಕೊಂಡು ಬಸ್ಸು ಹೊರಗೆ ಬಿತ್ತು. ನಾವು ಮತ್ತೆ ಚಪ್ಪಾಳೆ ಹೊಡೆದೆವು. ಕೈ ಎತ್ತಲು ಆದವರು ಹೊಡೆದರು. ಡ್ರೈವರ್ ನಿಲ್ಲಿಸಲಿಲ್ಲ. ರಸ್ತೆಗೆ ಬಂದವನೇ ಧಾರವಾಡದ ಕಡೆ ಹೊರಟೇಬಿಟ್ಟ.

"ಏ, ನಿಲ್ಲಸೋ! ನಾವು ಇಳೀಬೇಕು!"

"ಧಾರವಾಡದಾಗ ಇಳೀರಿ. ವ್ಯಾಳ್ಯಾ ಆಗೇತಿ."

ಕಂಡಕ್ಟರ್ ಏಣಿ ಇಳಿದು ಒಳಗೆ ಬಂದು ಚೀಲ ಸರಿಮಾಡಿಕೊಂಡ. "ಟಿಕೀಟ್, ಟಿಕೀಟ್."

"ನಾವು ಪ್ರಯಾಣಿಕರಲ್ಲೋ!" ಎಂದು ಕಾಕಾ ಕೂಗಿದರು. "ನಾವು ಭಾರ!"

"ಭಾರಕ್ಕ ಲಗೇಜ್ ಟಿಕೀಟ್ ಬ್ಯಾರೆ ಐತ್ರಿ ಕಾಕಾ."

ಕಿಟಕಿಯ ಪಕ್ಕ ಅಕ್ಕೋರು, ಅವರ ಪಕ್ಕ ಮಾಸ್ತರರು, ಮಾಸ್ತರರ ಮೇಲೆ ಕಾಕಾ. ಮಾಸ್ತರರ ಮುಖ ಕಾಣುತ್ತಿರಲಿಲ್ಲ, ಕಾಕಾನ ಹಿಂದಿನಿಂದ ದನಿ ಮಾತ್ರ ಬರುತ್ತಿತ್ತು. ಕಾಕಾ ಸುತ್ತ ನೋಡಿದರು. ಸಂಘವೆಲ್ಲ ಅವರನ್ನೇ ನೋಡುತ್ತಿತ್ತು.

"ಏನೂ ತಿಳಕೋಬ್ಯಾಡ್ರಿ ಮಾಸ್ತರ್," ಎಂದರು. "ಬಸ್ಸಿನ್ಯಾಗ ಮಡಿ-ಮೈಲಗಿ ಇಲ್ಲ. ಶಾಸ್ತ್ರದಾಗ ಅದ."

"ಯಾವ ಶಾಸ್ತ್ರದಾಗ ಬಸ್ಸು ಬರತೈತ್ರಿ ಕಾಕಾ?" ಎಂದಿತು ಹಿಂದಿನ ದನಿ.

"ಬಸ್ಸಿಲ್ಲ, ಪ್ರವಾಸ ಅದ. ಪ್ರವಾಸದಾಗ ದೋಷ ಇಲ್ಲ."

"ಬಸ್ ಸ್ಟ್ಯಾಂಡಿನ್ಯಾಗ ಐತೇನ್ರಿ?" ಎಂದು ಅಕ್ಕೋರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

"ಅಲ್ಲೂ ಇಲ್ಲ."

"ಹಾದ್ಯಾಗ ಬಸ್ ನಿಂದರೂ ಕಡೆ?"

"ಅಲ್ಲೂ ಇಲ್ಲಮ್ಮಾ. ಬಸ್ಸು ಎಲ್ಲೀಮಟಾ ಬರತದೋ ಅಲ್ಲೀಮಟಾ ಇಲ್ಲ."

"ಇವತ್ತ ಬಸ್ಸು ಎಲ್ಲೀಮಟಾ ಬಂದಿತ್ರೀ ಕಾಕಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಬಳೆ ಅಂಗಡಿಯವರು ಎಂದು ನನ್ನ ಅನುಮಾನ. ನಗು ಒಬ್ಬರಿಂದ ಒಬ್ಬರಿಗೆ ಹತ್ತಿತು. ಅಷ್ಟು ಒತ್ತಾಗಿ ಕೂತಾಗ ಒಬ್ಬರ ಹೊಟ್ಟೆ ನಕ್ಕರೆ ಪಕ್ಕದವರ ಹೊಟ್ಟೆಯೂ ಅಲುಗುತ್ತದೆ. ಕಾಕಾ ನಗಲಿಲ್ಲ. ಅವರು ನಿಯಮದ ಮನುಷ್ಯ. ಕಚೇರಿಯಲ್ಲಿ ಅಷ್ಟು ವರ್ಷ ಬೇರೆಯವರಿಗೆ ನಿಯಮ ತೋರಿಸಿದವರು. ಈಗ ತಾವೇ ಹೇಳಿದ ನಿಯಮದ ಕೆಳಗೆ ಸಿಕ್ಕಿದ್ದರು, ಬಸ್ಸು ಕಮಾನಿನ ಕೆಳಗೆ ಸಿಕ್ಕ ಹಾಗೆ. ಧಾರವಾಡ ಕಾಣುವವರೆಗೆ ಯೋಚನೆ ಮಾಡಿದರು.

"ಹಂಗಾರ," ಎಂದರು ಕೊನೆಗೆ, "ಬಸ್ಸು ದಿನಾ ಒಳಗ ಬರಬೇಕು. ಒಂದು ದಿನಾ ತಪ್ಪಬಾರದು."

"ಬರತೈತ್ರಿ," ಎಂದು ಡ್ರೈವರ್ ಮುಂದಿನಿಂದ ಕೂಗಿದ. "ಖಾಲಿ ಇದ್ರೂ ತುಂಬಿದ್ರೂ ಬರತೈತಿ. ಆ ಸುಡಗಾಡು ಕಮಾನು ತಗಸ್ರಿ."

ಕೋರ್ಟಿನ ತಾರೀಖಿನವನು ಧಾರವಾಡದಲ್ಲಿ ಇಳಿದು ಓಡಿದ. ಅವನ ಕೇಸು ಏನಾಯಿತೋ ಗೊತ್ತಿಲ್ಲ. ಆ ದಿನ ಗೆದ್ದವರ ಪೈಕಿ ಅವನೂ ಇರಲಿ. ನಾವು ಇನ್ನೊಂದು ಬಸ್ಸು ಹಿಡಿದು, ಬೀಸುಕಲ್ಲಿನ ಸಮೇತ, ವಾಪಸು ಬಂದೆವು. ಆ ಬಸ್ಸಿನ ಡ್ರೈವರ್ ಕಮಾನು ನೋಡಿ ರಸ್ತೆಯಲ್ಲೇ ಇಳಿಸಿಬಿಟ್ಟ.

ಅಂಗಳದಲ್ಲಿ ಹಾಲು ಉಕ್ಕಿ, ಹರಿದು, ಒಲೆ ಆರಿಹೋಗಿತ್ತು. ಮೇಸ್ತ್ರಿ ಕಮಾನಿನ ಕೆಳಗೆ ರಾಜನ ಹಾಗೆ ನಿಂತಿದ್ದ.

"ಉಕ್ಕಿತ್ರೀ! ಪೂರ್ವಕ್ಕ ಉಕ್ಕಿತು! ಕಮಾನೂ ಉಳೀತು!"

ಅವನಿಗೆ ಹೇಳುವ ಕೆಲಸ ಕಾಕಾನ ಮೇಲೆ ಬಿತ್ತು. ಕಾಕಾ ಸುತ್ತಿ ಬಳಸಿ ಹೇಳಲು ಶುರುಮಾಡಿದರು. ಕಮಾನಿಗೂ ಗಾಳಿ-ಬೆಳಕು ಬೇಕು ಎಂದರು. ಮೇಸ್ತ್ರಿ ಮೊದಲು ನಕ್ಕ. ಆಮೇಲೆ ಮಾಸ್ತರರ ಕಡೆ ನೋಡಿದ. ಮಾಸ್ತರರು ಈ ಸಲ ಟ್ರಂಕಿನ ಮೇಲೆ ಕೂತಿರಲಿಲ್ಲ, ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮೇಸ್ತ್ರಿ ಕಮಾನಿನ ಕೆಳಗೆ ಆ ಕಡೆಯಿಂದ ಈ ಕಡೆಗೆ ಒಂದು ಸಲ ನಡೆದ, ಈ ಕಡೆಯಿಂದ ಆ ಕಡೆಗೆ ಒಂದು ಸಲ.

"ನಾನs ಒಡೀತೇನಿ," ಎಂದ. "ಬ್ಯಾರೆ ಯಾರೂ ಕೈ ಹಚ್ಚಬ್ಯಾಡ್ರಿ. ಆದ್ರ ನಾಳೆ. ಇವತ್ತೊಂದ ದಿನಾ ಇರಲಿ."

ಮರುದಿನ ಒಡೆದ. ನಡುವಿನ ಕೀಲುಗಲ್ಲನ್ನು ಮಾತ್ರ ಒಡೆಯದೆ ಇಳಿಸಿ ಬೇವಿನ ಗಿಡದ ಬುಡಕ್ಕೆ ಇಟ್ಟ. ಬಸ್ಸಿಗೆ ಕಾಯುವವರು ಅದರ ಮೇಲೆ ಕೂಡುತ್ತಿದ್ದರು. ಜನ ಬಂದ ಮೇಲೆ ಕಮಾನು ಇದ್ದದ್ದು ಒಂದೇ ಹಗಲು, ಒಂದೇ ರಾತ್ರಿ. ಆದರೆ ಆ ಅಂಗಳವನ್ನು ನೆನೆದಾಗಲೆಲ್ಲ ನನಗೆ ಕಮಾನು ಇದ್ದೇ ಕಾಣುತ್ತದೆ, ಅದರ ಕೆಳಗೆ ವರ್ಷಾನುಗಟ್ಟಲೆ ಜನ ಓಡಾಡುತ್ತಾರೆ. ಎಷ್ಟು ಸಲ ತಿದ್ದಿದರೂ ಮತ್ತೆ ಎದ್ದು ನಿಲ್ಲುತ್ತದೆ.

ಮನೆ ಹಂಚಿದ್ದು ಅದೇ ಸಂಜೆ. ಮೊದಲು ಕಾಕಾ. ಕಣ್ಣಿಗೆ ಟವೆಲ್ ಕಟ್ಟಿ ತಿರುಗಿಸಿ ಬಿಟ್ಟರೆ ಎರಡು ಹೆಜ್ಜೆ ಮುಂದೆ ಹೋಗಿ, ತಿರುಗಿ ಬಂದು ಬೇವಿನ ಗಿಡವನ್ನೇ ಅಪ್ಪಿ "ಇದs ನನ್ನ ಮನಿ" ಎಂದರು. ಎರಡನೆಯ ಸಲಕ್ಕೆ ಒಂದು ಬಾಗಿಲು ಸಿಕ್ಕಿತು. ಮಾಸ್ತರರ ಸರದಿ ಬಂದಾಗ ಅಕ್ಕೋರು ತಾವೇ ಟವೆಲ್ ಕಟ್ಟಿಸಿಕೊಂಡರು. ಎಷ್ಟು ತಿರುಗಿಸಿದರೂ ಎಳ್ಳಷ್ಟೂ ತಡವರಿಸದೆ ಸೀದಾ ಹೋಗಿ ಕಾಕಾನ ಪಕ್ಕದ ಬಾಗಿಲಿನ ಮೇಲೆ ಕೈ ಇಟ್ಟರು. ಟವೆಲ್ ತೆಳುವಾಗಿತ್ತು ಎಂದು ಮಾಸ್ತರರು ಆಮೇಲೆ ನನ್ನ ಹತ್ತಿರ ಹೇಳಿದರು. ಅಕ್ಕೋರು ಇವತ್ತಿಗೂ ಒಪ್ಪುವುದಿಲ್ಲ.

ಸಪ್ತಾಪುರದ ನನ್ನ ಪಕ್ಕದ ಖೋಲಿ ಖಾಲಿಯಾಯಿತು. ನನ್ನ ಕಾದಂಬರಿಗೆ ಕೇಳುಗರಿಲ್ಲದಂತಾಯಿತು. ಅಲ್ಲೇ ಎಲ್ಲೋ ಅದಕ್ಕೆ ಪೂರ್ಣವಿರಾಮ ಬಿತ್ತು. ಬಿಡುವಾದಾಗ ಬಸ್ಸು ಹತ್ತಿ ಬೇವಿನ ಗಿಡಕ್ಕೆ ಹೋಗುತ್ತಿದ್ದೆ. ಕಾಕಾ ಬೆಳಿಗ್ಗೆ ಎದ್ದು ಕಮಾನಿಲ್ಲದ ಎರಡು ಕಂಬಗಳ ನಡುವೆ ನಿಂತು ಕೈಬೀಸಿ ಬಸ್ಸನ್ನು ಒಳಗೆ ಕರೆಯುತ್ತಿದ್ದರು. ಡಿಪೋದ ಸಾಹೇಬರು ಆಗಲೂ "ನೋಡೋಣ" ಎನ್ನುತ್ತಲೇ ಇದ್ದರು. ಕಾಕಾ ಅವರನ್ನು ಎಷ್ಟು ಸಲ ಭೇಟಿಯಾದರೆಂದರೆ, ಕೊನೆಗೆ ಅವರೇ ಒಂದು ದಿನ ಬಂದು ಬಸ್ ನಿಲ್ಲುವ ಜಾಗ ಎಂದು ಫಲಕ ಹಾಕಿಸಿದರು. ದಿನದ ಮೊದಲ ಬಸ್ಸು ಗಿಡ ಸುತ್ತಿ ಹೋಗುವವರೆಗೆ ಕಾಕಾ ಪಕ್ಕದ ಮನೆಯ ಮುಂದಿನ ಅಂಗಳ ತುಳಿಯುತ್ತಿರಲಿಲ್ಲ. ಬಸ್ಸು ಹೋದ ಮೇಲೆ ಇಡೀ ಅಂಗಳ ಅವರ ಲೆಕ್ಕದಲ್ಲಿ ಪ್ರವಾಸ. ಎಲ್ಲಿ ಬೇಕಾದರೂ ಕೂಡುತ್ತಿದ್ದರು, ಯಾರ ಮನೆಯ ಚಹಾ ಆದರೂ ಕುಡಿಯುತ್ತಿದ್ದರು.

ಒಂದು ದಿನ ನಾನು ಅಲ್ಲೇ ಇಳಿದುಕೊಂಡಿದ್ದೆ. ಬೆಳಿಗ್ಗೆ ಬಸ್ಸು ಬರಲಿಲ್ಲ. ಎಲ್ಲೋ ಕೆಟ್ಟು ನಿಂತಿತ್ತು. ಬಿಸಿಲು ಏರಿತು. ಕಾಕಾ ತಮ್ಮ ಹೊಸ್ತಿಲ ಮೇಲೆ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿದ್ದರು. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಅಕ್ಕೋರ," ಎಂದು ಕರೆದರು. "ಬಸ್ ಬಂತೇನು?"

ಅಕ್ಕೋರು ಒಳಗಿನಿಂದಲೇ ಹೇಳಿದರು: "ಬಂದು ಹೋತ್ರಿ ಕಾಕಾ. ನೀವು ಮಲಗಿದ್ರಿ."

ಕಾಕಾ ನಸುಕಿನಿಂದ ಅಲ್ಲೇ ನಿಂತಿದ್ದರು. ನೆಲದ ಮೇಲೆ ಚಕ್ರದ ಗುರುತು ಇರಲಿಲ್ಲ, ಅಕ್ಕೋರು ಬೆಳಿಗ್ಗೆ ಹಾಕಿದ ರಂಗೋಲಿ ಹಾಗೇ ಇತ್ತು. ಕಾಕಾ ಅದನ್ನೂ ನೋಡಿದರು, ಕಟ್ಟೆಯ ಮೇಲೆ ಕೂತಿದ್ದ ನನ್ನನ್ನೂ ನೋಡಿದರು. ನಾನು ಗಿಡದ ಕಡೆ ನೋಡಿದೆ.

"ಹೌದೇನು? ಸಪ್ಪಳs ಆಗಲಿಲ್ಲ ನೋಡ್ರಿ," ಎಂದು ಹೇಳಿ, ಧೋತರ ಎತ್ತಿ ಹಿಡಿದು, ರಂಗೋಲಿ ತುಳಿಯದಂತೆ ಸುತ್ತು ಹಾಕಿಕೊಂಡು ಮಾಸ್ತರರ ಮನೆಯೊಳಗೆ ಹೋದರು.

ಇಲ್ಲಿಗೆ ನಿಲ್ಲಿಸಿದರೆ ಚಂದವಿತ್ತು. ಆದರೆ ಕಾಕಾ ಹೋದದ್ದು ಹಿಟ್ಟಿನ ಸಾಣಿಗೆ ಕೇಳಲು. ಅದನ್ನು ಒಯ್ದವರು ವಾಪಸು ಕೊಡಲಿಲ್ಲ, ಅದರ ಸಲುವಾಗಿ ಎರಡೂ ಮನೆಗಳ ನಡುವೆ ಭಾರೀ ಜಗಳ ಆಯಿತು.